ಬೆಂಕಿಗೆ ಇಡುವ ಸ್ಟೀಲ್ ಬಾಟಲಿ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ನೀರು ಕುಡಿಯುವ ಸ್ಟೀಲ್ ಬಾಟಲಿಯನ್ನೇ ಬಯಲಿನ ಅಡುಗೆಗೂ ಆಪತ್ತಿನ ಹೊತ್ತಿಗೂ ಒದಗುವಂತೆ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಬಾಟಲಿಗೆ ಏನೇನು ಸೇರಿಸಬೇಕು ಎಂದು ಕೇಳಿದ್ದಾರೆ. ಯಾವುದನ್ನು ತೆಗೆಯಬೇಕು, ಎಲ್ಲಿ ಕೈ ಹಚ್ಚಬಾರದು ಎಂಬುದನ್ನೂ ಉತ್ತರಗಳಲ್ಲಿ ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಹತ್ತಿರ ಎರಡು ಸ್ಟೀಲ್ ಬಾಟಲಿಗಳಿವೆ. ಒಂದರಲ್ಲಿ ಹಾಕಿದ ಬಿಸಿನೀರು ಸಂಜೆಯವರೆಗೂ ಬಿಸಿ ಇರುತ್ತದೆ, ಇನ್ನೊಂದು ಸಾದಾ ಬಾಟಲಿ. ದಪ್ಪಗಿರುವ ಮೊದಲನೆಯದೇ ಬೆಂಕಿಗೆ ಹೆಚ್ಚು ತಡೆಯುತ್ತದೆ ಅಲ್ಲವೇ?

ಉತ್ತರ: ಇಲ್ಲ. ಅದನ್ನು ಯಾವ ಕಾರಣಕ್ಕೂ ಬೆಂಕಿಯ ಮೇಲೆ ಇಡಬೇಡಿ. ಬಿಸಿ ಹಿಡಿದಿಡುವ ಬಾಟಲಿಗೆ ಎರಡು ಗೋಡೆಗಳಿರುತ್ತವೆ. ನಡುವಿನ ಜಾಗದಿಂದ ಗಾಳಿ ಹೊರತೆಗೆದು ಮುಚ್ಚಿರುತ್ತಾರೆ. ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯುವ ಆ ಜಾಗವೇ ಹೊರಗಿನ ಬಿಸಿ ಒಳಗೆ ಬರದಂತೆಯೂ ತಡೆಯುತ್ತದೆ. ಹೊರಗೋಡೆ ತುಂಬ ಕಾದರೂ ಒಳಗಿನ ನೀರು ಬೇಗ ಬಿಸಿಯಾಗುವುದಿಲ್ಲ. ಬೆಸುಗೆಯ ಬಿರುಕಿನಿಂದ ಆ ಜಾಗಕ್ಕೆ ಗಾಳಿಯೋ ತೇವವೋ ಸೇರಿದ್ದರೆ ಅದು ಹಿಗ್ಗಿ ಬಾಟಲಿ ಸಿಡಿಯಬಹುದು.

ಪರೀಕ್ಷೆ ಸುಲಭ. ಬಿಸಿನೀರು ಸುರಿದು ಹೊರಮೈ ಮುಟ್ಟಿ ನೋಡಿ. ಕೆಲವೇ ಸೆಕೆಂಡಿನಲ್ಲಿ ಕೈಗೆ ಬಿಸಿ ತಾಗಿದರೆ ಅದು ಒಂದೇ ಗೋಡೆಯ ಬಾಟಲಿ, ಅದೇ ನಿಮಗೆ ಬೇಕಾದದ್ದು. ಆದರೆ ತೀರಾ ಹಗುರವಾಗಿದ್ದು ಒಳಮೈಗೆ ಬಣ್ಣದ ಲೇಪ ಇದ್ದರೆ ಅದು ಅಲ್ಯೂಮಿನಿಯಂ ಇರಬಹುದು. ಬೆಂಕಿಯಲ್ಲಿ ಒಳಲೇಪ ಸುಟ್ಟು ನೀರಿಗೆ ಸೇರುತ್ತದೆ, ಅದೂ ಬೇಡ. ಅಯಸ್ಕಾಂತ ಹಿಡಿದು ಯಾವ ಲೋಹವೆಂದು ನೋಡುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. 18/8 ಎಂದು ಬರೆದಿರುವ 304 ಸ್ಟೀಲ್ (ಶೇ 18 ಕ್ರೋಮಿಯಂ, ಶೇ 8 ನಿಕಲ್) ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ತಗಡನ್ನು ಒತ್ತಿ ಎಳೆದು ರೂಪ ಕೊಟ್ಟ ಕತ್ತಿನ ಭಾಗದಲ್ಲಿ ಅದೇ ಸ್ಟೀಲ್ ಸ್ವಲ್ಪ ಅಂಟಬಹುದು.

ಹೊರಗೆ ಬಣ್ಣವಿಲ್ಲದ ಬಾಟಲಿಯನ್ನೇ ಆರಿಸಿ. ಬಣ್ಣವಿದ್ದರೆ ಬೆಂಕಿಗೆ ಹಾಕಿ ಸುಡಬೇಡಿ, ಆ ಹೊಗೆ ವಿಷ. 80 ನಂಬರಿನ ಎಮರಿ ಪೇಪರ್‌ನಿಂದ ಶುರುಮಾಡಿ, 120, ಆಮೇಲೆ 240ರಲ್ಲಿ ಉಜ್ಜಿ ತೆಗೆಯಿರಿ. ಧೂಳು ಏಳದಂತೆ ನೀರು ಹಾಕಿಕೊಂಡು ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ.

ಪ್ರಶ್ನೆ: ಬಾಟಲಿಯನ್ನು ಬೆಂಕಿಯ ಮೇಲೆ ತೂಗುಹಾಕಲು ತಂತಿಯ ಹಿಡಿ ಮಾಡಬೇಕು. ಕತ್ತಿಗೆ ಎರಡು ತೂತು ಕೊರೆದರೆ ಸಾಕೇ?

ಉತ್ತರ: ಕೊರೆಯಬೇಡಿ. ಕತ್ತಿನಲ್ಲಿ ತೂತು ಬಿದ್ದರೆ ಬಾಟಲಿಯನ್ನು ಅಡ್ಡ ಮಲಗಿಸಿದ ಕೂಡಲೇ ಸೋರುತ್ತದೆ. ಅದು ಮೊದಲು ನೀರಿನ ಬಾಟಲಿ, ಆಮೇಲೆ ಪಾತ್ರೆ. ಹಿಡಿಯನ್ನು ಕತ್ತಿಗೆ ಸುತ್ತಿದ ತಂತಿಪಟ್ಟಿಯ ಮೇಲೆ ನಿಲ್ಲಿಸಬಹುದು.

ಹೆಚ್ಚಿನ ಅಗಲಬಾಯಿಯ ಬಾಟಲಿಗಳಲ್ಲಿ ಮುಚ್ಚಳ ತಿರುಗಿಸುವ ತಿರುಪಿನ ಸುತ್ತುಗಳು ಮುಗಿದು ಭುಜ ಶುರುವಾಗುವ ನಡುವೆ ಒಂದು ಸಣ್ಣ ತಗ್ಗು ಇರುತ್ತದೆ. ಪಟ್ಟಿ ಕೂರುವ ಜಾಗ ಅದೇ. ಅಲ್ಲಿ ಅಡ್ಡಳತೆ 60 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 188 ಮಿ.ಮೀ. ಆಗುತ್ತದೆ. ಅದಕ್ಕೆ 1.6 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಂತಿ 50 ಸೆಂ.ಮೀ. ಸಾಕು. ತಂತಿಯ ನಟ್ಟನಡುವೆ 6 ಮಿ.ಮೀ. ದಪ್ಪದ ಮೊಳೆ ಇಟ್ಟು, ಅದರ ಸುತ್ತ ಮಡಿಸಿ ಎರಡು ಸುತ್ತು ಹೊಸೆಯಿರಿ. ಒಂದು ಕಿವಿ ಸಿದ್ಧವಾಯಿತು. ಉಳಿದ ಎರಡು ಎಳೆಗಳನ್ನು ಕತ್ತಿನ ಎಡಬಲದಿಂದ ತಂದು, ಕಿವಿಗೆ ಸರಿಯಾಗಿ ಎದುರಿನ ಬದಿಯಲ್ಲಿ ಒಂದರ ಮೇಲೊಂದು ಹಾಯಿಸಿ ಇಕ್ಕಳದಿಂದ ಹೊಸೆಯಿರಿ. ಇಲ್ಲೇ ಹೆಚ್ಚಿನವರ ತಂತಿ ತುಂಡಾಗುವುದು. ಸ್ಟೇನ್‌ಲೆಸ್ ತಂತಿ ಬಾಗಿದಷ್ಟೂ ಗಡುಸಾಗುತ್ತಾ ಹೋಗುತ್ತದೆ. ಸಡಿಲವಾಗಿದ್ದ ತಂತಿಯನ್ನು ಬರೀ ತಿರುಚಿ ತಿರುಚಿ ಬಿಗಿ ಮಾಡಹೋದರೆ ಹೊಸೆತದ ಬುಡದಲ್ಲಿ ಫಟ್ಟನೆ ಮುರಿಯುತ್ತದೆ. ಇಕ್ಕಳದಿಂದ ಹೊರಕ್ಕೆ ಎಳೆಯುತ್ತಲೇ ಅರ್ಧರ್ಧ ಸುತ್ತು ತಿರುಗಿಸಿ. ಎಳೆತದಿಂದ ಬಿಗಿ ಬರಬೇಕು, ಹೊಸೆತ ಆ ಬಿಗಿಯನ್ನು ಹಿಡಿದಿಟ್ಟರೆ ಸಾಕು. ನಾಲ್ಕೈದು ಸುತ್ತು ಆದಮೇಲೆ ನಿಲ್ಲಿಸಿ, ಉಳಿದ ಬಾಲವನ್ನು ಮೊಳೆಯ ಸುತ್ತ ಬಾಗಿಸಿ ಎರಡನೆಯ ಕಿವಿ ಮಾಡಿ. ಚೂಪು ತುದಿಗಳನ್ನು ಒಳಕ್ಕೆ ಮಡಚಿ ಅರದಿಂದ ಉಜ್ಜಿ.

ಹಿಡಿಗೆ 2 ಮಿ.ಮೀ. ತಂತಿ 30ರಿಂದ 32 ಸೆಂ.ಮೀ. ಬೇಕು. ಕಮಾನಿನ ತುದಿ ಕಿವಿಗಳಿಂದ 10 ಸೆಂ.ಮೀ.ನಷ್ಟು ಎತ್ತರದಲ್ಲಿದ್ದರೆ ಮುಚ್ಚಳ ತೆಗೆಯಲು, ನೀರು ಬಗ್ಗಿಸಲು ಅಡ್ಡಿಯಾಗದು. ಎರಡೂ ತುದಿಗಳನ್ನು ಕೊಕ್ಕೆ ಮಾಡಿ ಕಿವಿಗೆ ಸಿಕ್ಕಿಸಿ, ಕೊಕ್ಕೆಯ ಬಾಯಿಯನ್ನು ಪೂರ್ತಿ ಮುಚ್ಚಿ. ತೆರೆದ ಕೊಕ್ಕೆ ಬಾಟಲಿ ವಾಲಿದಾಗ ಜಾರುತ್ತದೆ. ಬೆಂಕಿಗೆ ಒಯ್ಯುವ ಮೊದಲು ಬಾಟಲಿ ತುಂಬ ತಣ್ಣೀರು ಹಾಕಿ ತೂಗುಬಿಟ್ಟು, ನಾಲ್ಕು ಸಲ ಜೋರಾಗಿ ಅಲ್ಲಾಡಿಸಿ ನೋಡಿ. ಒಂದು ಲೀಟರಿನ ಬಾಟಲಿ ತುಂಬಿದಾಗ ಒಂದೂಕಾಲು ಕಿಲೋಗೂ ಮೇಲೆ ತೂಗುತ್ತದೆ. ಅಷ್ಟು ಕುದಿಯುವ ನೀರು ಕಾಲ ಮೇಲೆ ಬೀಳಬಾರದು.

ಕತ್ತಿನಲ್ಲಿ ತಗ್ಗೇ ಇಲ್ಲದ ಬಾಟಲಿಯಾದರೆ ಪಟ್ಟಿ ಮೇಲಕ್ಕೆ ಜಾರಿ ಕಳಚುತ್ತದೆ. ಅಂಥದ್ದನ್ನು ತೂಗುಹಾಕುವ ಆಸೆ ಬಿಟ್ಟು ಕೆಂಡದ ಬದಿಗೆ ಇಟ್ಟು ಕಾಯಿಸಿ. ತಂತಿಪಟ್ಟಿಯ ಬದಲು ಸ್ಕ್ರೂ ಬಿಗಿಯುವ ಪೈಪ್ ಕ್ಲ್ಯಾಂಪನ್ನೂ ಬಳಸಬಹುದು. ಆದರೆ ಪಟ್ಟಿ ಮಾತ್ರ ಸ್ಟೇನ್‌ಲೆಸ್ ಆಗಿದ್ದು, ಸ್ಕ್ರೂಗೆ ಸತುವಿನ ಲೇಪ ಇರುವ ಕ್ಲ್ಯಾಂಪುಗಳು ಬಹಳ. ಡಬ್ಲ್ಯು 4 ಎಂಬ ಗುರುತು ಇದ್ದರೆ ಎಲ್ಲ ಭಾಗವೂ ಸ್ಟೇನ್‌ಲೆಸ್ ಎಂದರ್ಥ. ಬೇಲಿಗೆ ಬಳಸುವ ಸತುಲೇಪದ ತಂತಿಯಂತೂ ಬೇಡವೇ ಬೇಡ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಇನ್ನೂ ಕಾದರೆ ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಪ್ರಶ್ನೆ: ಬಾಟಲಿಯ ತಳಕ್ಕೆ ಕೂರುವ ಸ್ಟೀಲ್ ಲೋಟಕ್ಕೆ ಹಿಡಿ ಹಾಕಲು ತೂತು ಕೊರೆಯುತ್ತಿದ್ದೆ. ಮೂರು ಡ್ರಿಲ್ ಬಿಟ್ ಹಾಳಾದವು, ತೂತು ಮಾತ್ರ ಆಗಲಿಲ್ಲ. ಯಾಕೆ?

ಉತ್ತರ: ವೇಗ ಹೆಚ್ಚಾಯಿತು, ಒತ್ತಡ ಕಡಿಮೆಯಾಯಿತು. ಬಿಟ್ ಲೋಹವನ್ನು ಕತ್ತರಿಸದೆ ಬರೀ ಸವರಿದರೆ ಆ ಜಾಗ ಬಿಸಿಯಾಗಿ, ಗಡುಸಾಗಿ ಗಾಜಿನಂತೆ ಹೊಳೆಯತೊಡಗುತ್ತದೆ. ಆ ಹೊಳಪು ಕಂಡರೆ ಅದೇ ಬಿಟ್‌ನಿಂದ ಮುಂದುವರಿಯಬೇಡಿ. ಕೋಬಾಲ್ಟ್ ಬೆರೆತ ಬಿಟ್ ತೆಗೆದುಕೊಂಡು, 4 ಮಿ.ಮೀ. ತೂತಿಗೆ ನಿಮಿಷಕ್ಕೆ 600ರಿಂದ 800 ಸುತ್ತಿನ ವೇಗದಲ್ಲಿ, ಎಣ್ಣೆಯ ಹನಿ ಹಾಕುತ್ತಾ, ಗಟ್ಟಿಯಾಗಿ ಒತ್ತಿ ಕೊರೆಯಿರಿ. ಸುರುಳಿ ಸುರುಳಿಯಾಗಿ ಚೂರು ಬರುತ್ತಿದ್ದರೆ ಸರಿಯಾಗಿ ಕೊರೆಯುತ್ತಿದೆ. ಬರೀ ಪುಡಿ ಉದುರಿದರೆ ಬಿಟ್ ಮೊಂಡಾಗಿದೆ. ಲೋಟದ ಒಳಗೆ ಮರದ ತುಂಡು ಒತ್ತಿಟ್ಟುಕೊಳ್ಳಿ, ಇಲ್ಲವಾದರೆ ತಗಡು ನೆಗ್ಗುತ್ತದೆ. ತೂತು ಅಂಚಿನಿಂದ 8 ಮಿ.ಮೀ. ಕೆಳಗಿರಲಿ.

ಪ್ರಶ್ನೆ: ಆ ಲೋಟ ಎಷ್ಟು ದೊಡ್ಡದಿರಬೇಕು? ಸ್ಪಿರಿಟ್ ಒಲೆಯಲ್ಲಿ ಅದರ ತುಂಬ ನೀರು ಕಾಯಿಸಲು ಎಷ್ಟು ಇಂಧನ ಬೇಕು?

ಉತ್ತರ: ಲೋಟದ ಒಳ ಅಡ್ಡಳತೆ ಬಾಟಲಿಗಿಂತ 4 ಮಿ.ಮೀ. ಹೆಚ್ಚಿರಲಿ. ಇದಕ್ಕಿಂತ ಬಿಗಿಯಾದರೆ ಒಂದು ಸಣ್ಣ ನೆಗ್ಗು ಬಿದ್ದರೂ, ನಾಲ್ಕು ಕಾಳು ಮರಳು ಸಿಕ್ಕಿದರೂ ಬಾಟಲಿ ಕಚ್ಚಿಕೊಂಡು ಬಿಡುತ್ತದೆ. 9 ಸೆಂ.ಮೀ. ಅಡ್ಡಳತೆಯ ಬಾಟಲಿಗೆ 9.4 ಸೆಂ.ಮೀ. ಒಳ ಅಳತೆಯ, 9 ಸೆಂ.ಮೀ. ಎತ್ತರದ ಲೋಟ ಹಿಡಿಸುತ್ತದೆ. ಅದರಲ್ಲಿ ಸುಮಾರು 620 ಮಿ.ಲೀ. ನೀರು ತುಂಬುತ್ತದೆ, ಕುದಿಸಲು 500 ಮಿ.ಲೀ. ಹಾಕಿ.

ಇಂಧನದ ಲೆಕ್ಕ ಹೀಗಿದೆ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 157 ಕಿಲೋಜೂಲ್ ಶಾಖ ಬೇಕು. ಸ್ಪಿರಿಟ್‌ನ ಮುಖ್ಯ ಅಂಶವಾದ ಎಥನಾಲ್ ಒಂದು ಮಿ.ಲೀ. ಉರಿದರೆ 21 ಕಿಲೋಜೂಲ್ ಸಿಗುತ್ತದೆ. ಏಳೆಂಟು ಮಿ.ಲೀ. ಸಾಕು ಎನಿಸಬಹುದು, ಆದರೆ ಅರ್ಧಕ್ಕೂ ಹೆಚ್ಚು ಶಾಖ ಗಾಳಿಯ ಪಾಲು. ಗಾಳಿಗೆ ಮರೆ ಇದ್ದರೆ 15ರಿಂದ 20 ಮಿ.ಲೀ. ಎಂದಿಟ್ಟುಕೊಳ್ಳಿ. ಮರೆ ಇಲ್ಲದಿದ್ದರೆ ಇದರ ಎರಡು ಪಾಲು ಸುರಿದರೂ ನೀರು ಕುದಿಯದೇ ಹೋಗಬಹುದು. ಒಲೆಯ ಬಾಯಿಗೂ ಲೋಟದ ತಳಕ್ಕೂ ನಡುವೆ 3ರಿಂದ 5 ಸೆಂ.ಮೀ. ಅಂತರವಿರಲಿ. ಎತ್ತರದ ಬಾಟಲಿಯನ್ನು ಈ ಪುಟ್ಟ ಒಲೆಯ ಮೇಲೆ ನಿಲ್ಲಿಸಬೇಡಿ, ಗಾಳಿ ಬೀಸಿದರೆ ಉರುಳುತ್ತದೆ.

ಹಗಲು ಬೆಳಕಿನಲ್ಲಿ ಸ್ಪಿರಿಟ್‌ನ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿತೆಂದು ತಿಳಿದು ಮತ್ತೆ ಸುರಿಯಲು ಹೋಗಿ ಕೈಯಲ್ಲಿದ್ದ ಶೀಶೆಗೇ ಬೆಂಕಿ ಹತ್ತಿ ಸುಟ್ಟುಕೊಳ್ಳುವವರಿದ್ದಾರೆ. ಒಲೆ ಪೂರ್ತಿ ತಣ್ಣಗಾಗಿ, ಮುಟ್ಟಲು ಆಗುವವರೆಗೆ ಕಾಯಿರಿ. ಡೇರೆಯ ಒಳಗೆ ಯಾವ ಒಲೆಯನ್ನೂ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಪ್ರಶ್ನೆ: ಬಾಟಲಿಯಲ್ಲೇ ಧಾನ್ಯ ಬೇಯಿಸಿದರೆ ಮೇಲೆ ಉಕ್ಕುತ್ತದೆ, ಕೆಳಗೆ ತಳ ಹಿಡಿಯುತ್ತದೆ.

ಉತ್ತರ: ಎರಡೂ ಬಾಟಲಿಯ ಸ್ವಭಾವವೇ. ಗಂಜಿಯ ನೊರೆ ಅಗಲವಾದ ಪಾತ್ರೆಯಲ್ಲಿ ಹರಡಿ ಒಡೆಯುತ್ತದೆ, ಕಿರಿದಾದ ಕತ್ತಿನಲ್ಲಿ ಜಾಗವಿಲ್ಲದೆ ನೇರ ಮೇಲೇರುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ತಳ ಹಿಡಿಯುವುದಕ್ಕೆ ಕಾರಣ ಸ್ಟೀಲ್ ಶಾಖವನ್ನು ಹರಡದೇ ಇರುವುದು. ಅಲ್ಯೂಮಿನಿಯಂಗೆ ಹೋಲಿಸಿದರೆ ಸ್ಟೇನ್‌ಲೆಸ್ ಸ್ಟೀಲಿನ ಶಾಖವಾಹಕತೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಉರಿ ತಾಗಿದ ಜಾಗವಷ್ಟೇ ಕಾಯುತ್ತದೆ. ಹಾಗಾಗಿ ಬಾಟಲಿಯನ್ನು ಉರಿಯ ಮೇಲೆ ಇಡದೆ ಕೆಂಡದ ಪಕ್ಕಕ್ಕೆ ಇಟ್ಟು, ಎರಡು ಮೂರು ನಿಮಿಷಕ್ಕೊಮ್ಮೆ ಕಾಲುಸುತ್ತು ತಿರುಗಿಸಿ. ತಳ ಮುಟ್ಟುವಷ್ಟು ಉದ್ದದ ಕಡ್ಡಿಯಿಂದ ಕಲಕುತ್ತಿರಿ.

ಇಲ್ಲಿ ನಿಮ್ಮ ಎರಡು ಗೋಡೆಯ ಫ್ಲಾಸ್ಕ್ ಇದ್ದರೆ ಅದಕ್ಕೂ ಕೆಲಸವಿದೆ. ಅದರೊಳಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಲೋಟದಲ್ಲಿ ಚೆನ್ನಾಗಿ ಕುದಿ ಬಂದ ಧಾನ್ಯವನ್ನು ನೀರಿನ ಸಮೇತ ಅದಕ್ಕೆ ಸುರಿದು ಮುಚ್ಚಿಡಿ. ಬೆಂಕಿಯಿಲ್ಲದೆ ಬೇಯುತ್ತದೆ, ತಳ ಹಿಡಿಯುವ ಮಾತೇ ಇಲ್ಲ. ಬೆಂದ ಮೇಲೆ ಬಿಸಿ ಇರುವಾಗಲೇ ತಿಂದುಬಿಡಿ. 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಅನ್ನ, ಗಂಜಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಪ್ರಶ್ನೆ: ಬೇಗ ಕುದಿಯಲೆಂದು ಮುಚ್ಚಳ ಸಡಿಲ ಬಿಟ್ಟು ಇಡಬಹುದೇ?

ಉತ್ತರ: ಬೇಡ. ಪ್ಲಾಸ್ಟಿಕ್ ಕರಗುತ್ತದೆ, ರಬ್ಬರ್ ವಾಷರ್ ಸುಡುತ್ತದೆ. ಸಡಿಲ ಎಂದುಕೊಂಡ ಮುಚ್ಚಳ ಕಚ್ಚಿಕೊಂಡರೆ ಹಬೆಗೆ ದಾರಿಯಿರುವುದಿಲ್ಲ. ನೀರು ಹಬೆಯಾದಾಗ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬಾಯಿಯ ಮೇಲೆ ತೆಳುವಾದ ಸ್ಟೀಲ್ ತಟ್ಟೆಯೊಂದನ್ನು ಸುಮ್ಮನೆ ಇಟ್ಟರೆ ಸಾಕು.

ಪ್ರಶ್ನೆ: ಹೊಳೆಯ ನೀರನ್ನು ಎಷ್ಟು ಹೊತ್ತು ಕುದಿಸಬೇಕು?

ಉತ್ತರ: ಮೊದಲು ಬಟ್ಟೆಯಲ್ಲಿ ಸೋಸಿ. ಆಮೇಲೆ ಗುಳ್ಳೆಗಳು ತಳದಿಂದ ನಿಲ್ಲದೆ ಏಳುವಂತೆ ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದಲ್ಲಾದರೆ ಮೂರು ನಿಮಿಷ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಹೆಚ್ಚು ಹೊತ್ತು ಬೇಕು. ಹಬೆ ಕಂಡ ಮಾತ್ರಕ್ಕೆ ಕುದಿಯಿತು ಎನ್ನಬೇಡಿ, ಬಾಯಿಯೊಳಗೆ ಇಣುಕಿ ಗುಳ್ಳೆ ನೋಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಕೀಟನಾಶಕವಾಗಲಿ ಕಾರ್ಖಾನೆಯ ರಾಸಾಯನಿಕವಾಗಲಿ ಹೋಗುವುದಿಲ್ಲ.

ಪ್ರಶ್ನೆ: ಒಂದೆರಡು ಸಲ ಬೆಂಕಿಗೆ ಇಟ್ಟ ಮೇಲೆ ಬಾಟಲಿ ನೀಲಿ, ಹೊಂಬಣ್ಣಕ್ಕೆ ತಿರುಗಿದೆ. ಒಳಗೆ ಕಂದು ಚುಕ್ಕೆಗಳೂ ಕಾಣುತ್ತಿವೆ. ಬಿಸಾಡಬೇಕೇ?

ಉತ್ತರ: ಹೊರಗಿನ ಬಣ್ಣ ಕಾದ ಸ್ಟೀಲಿನ ಮೇಲೆ ಕೂತ ಆಕ್ಸೈಡ್ ಪದರ, ಅದರಿಂದ ತೊಂದರೆಯಿಲ್ಲ. ಒಳಗಿನ ಕಂದು ಚುಕ್ಕೆಗೆ ಹೆಚ್ಚಾಗಿ ಕಾರಣ ಸಾದಾ ಕಬ್ಬಿಣದ ಉಜ್ಜುನಾರು. ಅದರ ಕಣಗಳು ಮೈಗೆ ಹತ್ತಿಕೊಂಡು ತುಕ್ಕು ಹಿಡಿಯುತ್ತವೆ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚ್ ಹಾಕಬೇಡಿ, ಉಪ್ಪುನೀರನ್ನು ಒಳಗೆ ಒಣಗಲು ಬಿಡಬೇಡಿ. ಇವುಗಳಲ್ಲಿರುವ ಕ್ಲೋರೈಡ್ ಸ್ಟೀಲನ್ನು ಸೂಜಿಮೊನೆಯಷ್ಟು ಸಣ್ಣ ಗುಂಡಿಗಳಾಗಿ ಕೊರೆಯುತ್ತದೆ. ಚುಕ್ಕೆ ಉಗುರಿಗೆ ಗುಂಡಿಯಾಗಿ ತಾಗಿದರೆ ಆ ಬಾಟಲಿಯನ್ನು ಬದಲಿಸಿ. ಹೊರಗಿನ ಮಸಿಗೆ ಒಂದು ಉಪಾಯ: ಬೆಂಕಿಗೆ ಇಡುವ ಮೊದಲೇ ಹೊರಮೈಗೆ ಪಾತ್ರೆ ಸೋಪನ್ನು ತೆಳುವಾಗಿ ಸವರಿ. ಆಮೇಲೆ ಮಸಿ ಸೋಪಿನ ಜೊತೆಗೇ ತೊಳೆದುಹೋಗುತ್ತದೆ.

ಪ್ರಶ್ನೆ: ಆಪತ್ತಿಗೆಂದು ಬಾಟಲಿಯ ಜೊತೆಯಲ್ಲೇ ಏನೇನು ಇಟ್ಟುಕೊಳ್ಳಬೇಕು? ಹಗ್ಗವನ್ನು ಮೈಗೆ ಸುತ್ತಬಹುದೇ?

ಉತ್ತರ: ನೈಲಾನ್ ಹಗ್ಗ, ಟೇಪು ಇವನ್ನು ನೇರ ಬಾಟಲಿಯ ಮೈಗೆ ಸುತ್ತಿದರೆ, ಬೆಂಕಿ ಬೇಕಾದ ಹೊತ್ತಿನಲ್ಲಿ ಚಳಿಗೆ ಮರಗಟ್ಟಿದ ಬೆರಳುಗಳಿಂದ ಬಿಚ್ಚುತ್ತಾ ಕೂರಬೇಕಾಗುತ್ತದೆ. ಬಿಚ್ಚದೆ ಇಟ್ಟರೆ ಕರಗಿ ಅಂಟುತ್ತದೆ. ದಪ್ಪ ಬಟ್ಟೆಯ ಚೀಲ ಹೊಲಿದು, ಹಗ್ಗ, ಟೇಪು ಎಲ್ಲ ಅದಕ್ಕೆ ಸುತ್ತಿ. ಬಾಟಲಿಯನ್ನು ಒಂದೇ ಎಳೆತಕ್ಕೆ ಹೊರತೆಗೆಯುವಂತಿರಲಿ. ಚೀಲದ ಜೇಬಿನಲ್ಲಿ 8 ಮಿ.ಮೀ. ದಪ್ಪದ ಫೆರೋ ಕಡ್ಡಿ (ಉಜ್ಜಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ), ಅದನ್ನು ಉಜ್ಜಲು ಚೂಪು ಅಂಚಿನ ಸ್ಟೀಲ್ ಪಟ್ಟಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಹತ್ತಿಯ ಉಂಡೆಗಳು, ಒಂದು ಶಿಳ್ಳೆ ಇರಲಿ. ಹತ್ತಿಯನ್ನು ಜೆಲ್ಲಿಯಲ್ಲಿ ಪೂರ್ತಿ ಅದ್ದಬೇಡಿ. ಒಣ ಎಳೆಗಳು ಉಳಿದರೆ ಮಾತ್ರ ಕಿಡಿ ಹಿಡಿಯುತ್ತದೆ, ಹಚ್ಚುವಾಗ ಉಂಡೆಯನ್ನು ಬಿಡಿಸಿ ಎಳೆಗಳನ್ನು ಕೆದರಿಕೊಳ್ಳಿ. ನೀರು ಹೆಪ್ಪುಗಟ್ಟುವ ಚಳಿಯ ಜಾಗಕ್ಕೆ ಹೋಗುವವರು ಬಾಟಲಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ನೀರು ಮಂಜುಗಡ್ಡೆಯಾಗುವಾಗ ಶೇ 9ರಷ್ಟು ಹಿಗ್ಗಿ ತಳವನ್ನು ಉಬ್ಬಿಸುತ್ತದೆ. ಉಬ್ಬಿದ ತಳದ ಬಾಟಲಿ ಕಲ್ಲಿನ ಮೇಲೂ ನಿಲ್ಲುವುದಿಲ್ಲ, ಲೋಟದೊಳಗೂ ಸರಿಯಾಗಿ ಕೂರುವುದಿಲ್ಲ.