ಅಲ್ಯೂಮಿನಿಯಂಗೆ ತುಕ್ಕು ಹಿಡಿಯಲ್ಲ ಅಂತಾರೆ, ಮತ್ತೆ ವಿಮಾನದಲ್ಲಿ ಹುಡುಕೋದು ಏನನ್ನ?

ಜಕ್ಕೂರಿನ ಕಡೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಓದುತ್ತಿದ್ದೇನೆ ಅಂತ ಬರೆದಿದ್ದೀರಿ. ವಿಮಾನದ ಮೈ ಅಲ್ಯೂಮಿನಿಯಂ, ಬೆಂಗಳೂರಿಗೆ ಸಮುದ್ರವೂ ಹತ್ತಿರ ಇಲ್ಲ, ಆದರೂ ತುಕ್ಕಿನ ಬಗ್ಗೆ ಇಷ್ಟು ಪಾಠ ಯಾಕೆ, ಗುರುತಿಸೋದು ಹೇಗೆ ಅನ್ನೋದು ನಿಮ್ಮ ಪ್ರಶ್ನೆ. ನಾನು ಇಲ್ಲೇ ಹ್ಯಾಂಗರ್‌ನಲ್ಲಿ ಸ್ಟ್ರಕ್ಚರ್ ಕೆಲಸ ಮಾಡುತ್ತೇನೆ. ಗೊತ್ತಿರೋದನ್ನು ಹೇಳುತ್ತೇನೆ.

ಮೊದಲು ಕೆಂಪು ಬಣ್ಣವನ್ನು ತಲೆಯಿಂದ ತೆಗೆದುಹಾಕಿ. ಅದು ಸ್ಟೀಲಿನ ತುಕ್ಕು. ಅಲ್ಯೂಮಿನಿಯಂ ಕೆಟ್ಟರೆ ಬಿಳಿ ಅಥವಾ ಬೂದು ಪುಡಿ ಬರುತ್ತದೆ. ಶುದ್ಧ ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ನಿಜ. ಆದರೆ ವಿಮಾನ ಕಟ್ಟಲು ಬೇಕಾದ ಬಲ ಅದಕ್ಕಿಲ್ಲ. ಅದಕ್ಕೇ 2024 ನಂಬರಿನ ಮಿಶ್ರಲೋಹಕ್ಕೆ ತಾಮ್ರ, 7075ಕ್ಕೆ ಮುಖ್ಯವಾಗಿ ಸತು ಸೇರಿಸುತ್ತಾರೆ. ಬಲ ಬರುತ್ತದೆ, ತುಕ್ಕು ತಡೆಯುವ ಶಕ್ತಿ ಇಳಿಯುತ್ತದೆ. ಇದಕ್ಕಾಗಿ ಸ್ಕಿನ್ ಶೀಟಿನ, ಅಂದರೆ ವಿಮಾನದ ಹೊರಮೈ ತಗಡಿನ, ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ ಕೊಡುತ್ತಾರೆ. ಅದೇ ಆಲ್‌ಕ್ಲ್ಯಾಡ್. ಕೊರೆದ ತೂತಿನೊಳಗೆ, ಕತ್ತರಿಸಿದ ಅಂಚಿನಲ್ಲಿ ಆ ಹೊದಿಕೆ ಇರಲ್ಲ ಅಲ್ವಾ, ಹಾಗಾಗಿ ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ಸುತ್ತಲೇ ಜಾಸ್ತಿ ನೋಡಬೇಕು.

ಸಮುದ್ರದ ಉಪ್ಪು ತುಕ್ಕನ್ನು ಜೋರು ಮಾಡುತ್ತದೆ, ಸರಿ. ಆದರೆ ನೀರಿಗೆ ಸಮುದ್ರವೇ ಬೇಕಿಲ್ಲ. ಮೇಲೆ ಹಾರುವಾಗ ಹೊರಗೆ ಮೈನಸ್ 50 ಡಿಗ್ರಿ ಚಳಿ, ಒಳಗೆ ಜನರ ಉಸಿರು. ಆ ತೇವ ಸ್ಕಿನ್ನಿನ ಒಳಮೈಯಲ್ಲಿ ಹೆಪ್ಪುಗಟ್ಟಿ, ಇಳಿಯುವಾಗ ಕರಗಿ, ಹೊಟ್ಟೆಯ ಭಾಗಕ್ಕೆ ಹರಿಯುತ್ತದೆ. ನೀರು ಹೊರಹೋಗುವ ಡ್ರೈನ್ ಹೋಲ್ ಕಟ್ಟಿಕೊಂಡಿದ್ದರೆ ಅಲ್ಲೇ ನಿಲ್ಲುತ್ತದೆ. ಟಾಯ್ಲೆಟ್ ಮತ್ತು ಗ್ಯಾಲಿಯ (ವಿಮಾನದ ಅಡುಗೆಮನೆ) ಕೆಳಗಿನ ಫ್ಲೋರ್ ಬೀಮ್‌ಗಳ ಮೇಲೆ ಬೀಳುವುದಂತೂ ಬರೀ ನೀರಲ್ಲ, ಕಾಫಿ, ಜ್ಯೂಸ್, ಮೂತ್ರ. ಬ್ಯಾಟರಿ ಇಡುವ ಜಾಗ, ಚಕ್ರ ಮಡಚಿಕೊಳ್ಳುವ ವೀಲ್ ವೆಲ್, ಪಿಯಾನೋ ಹಿಂಜ್ ಅನ್ನೋ ಉದ್ದನೆಯ ಕೀಲು ಕೂಡ ಹೀಗೇ. ಇಂಧನ ಟ್ಯಾಂಕಿನ ತಳದಲ್ಲಿ ನೀರು ನಿಂತರೆ ಸೂಕ್ಷ್ಮಜೀವಿಗಳು ಬೆಳೆದು, ಅವು ಬಿಡುವ ಆಮ್ಲವೇ ಲೋಹವನ್ನು ತಿನ್ನುತ್ತದೆ.

ತುಕ್ಕಿನ ವಿಧಗಳಲ್ಲಿ ನಿಮಗೆ ಚೆನ್ನಾಗಿ ಅರ್ಥವಾಗಲೇಬೇಕಾದದ್ದು ಎಕ್ಸ್‌ಫೋಲಿಯೇಶನ್. ರೋಲಿಂಗ್ (ರೋಲರ್‌ಗಳ ನಡುವೆ ಒತ್ತುವುದು) ಅಥವಾ ಎಕ್ಸ್‌ಟ್ರೂಶನ್ (ಅಚ್ಚಿನ ತೂತಿನಿಂದ ತಳ್ಳುವುದು) ಮಾಡಿದ ಲೋಹದ ಕಣಗಳು ಉದ್ದಕ್ಕೆ ಚಪ್ಪಟೆಯಾಗಿರುತ್ತವೆ. ತುಕ್ಕು ಆ ಕಣಗಳ ಗಡಿಯಲ್ಲಿ ಒಳಗೊಳಗೇ ಹರಿಯುತ್ತದೆ. ಹುಟ್ಟಿದ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಅದು ಮೇಲಕ್ಕೆ ಒತ್ತಿ, ಲೋಹ ಚಿರೋಟಿಯ ಹಾಗೆ ಪದರ ಪದರವಾಗಿ ಏಳುತ್ತದೆ. ಪೇಂಟ್ ಹಾಗೇ ಇರಬಹುದು. ಆದ್ದರಿಂದ ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ಸ್ಕಿನ್ನಿಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಸ್ಕ್ರೂ ಸುತ್ತ ಸಣ್ಣ ಉಬ್ಬಿನ ನೆರಳು ಕಾಣುತ್ತದೆ. ಆಮೇಲೆ ಬೆರಳಾಡಿಸಿ. ಕಣ್ಣಿಗೆ ಬೀಳದ ಏರುತಗ್ಗು ಬೆರಳಿಗೆ ಸಿಗುತ್ತದೆ.

ಪಿಟ್ಟಿಂಗ್‌ನಲ್ಲಿ ಮೇಲೆ ಚಿಕ್ಕ ಚುಕ್ಕಿ, ಕೆಳಗೆ ಆಳದ ಗುಳಿ. ಪೇಂಟ್ ಕೆಳಗೆ ದಾರದಂತೆ ಸುಳಿದಾಡಿದರೆ ಫಿಲಿಫಾರ್ಮ್. ರಿವೆಟ್ ತಲೆಯಿಂದ ಕಪ್ಪು ಗೆರೆ ಹಿಂದಕ್ಕೆ ಎಳೆದಿದ್ದರೆ ರಿವೆಟ್ ಅಲುಗಿ ಉಜ್ಜುತ್ತಿದೆ, ಅದು ಫ್ರೆಟಿಂಗ್. ಎರಡು ಬೇರೆ ಲೋಹ ಸೇರಿ, ನಡುವೆ ತೇವ ಹೊಕ್ಕರೆ ಗ್ಯಾಲ್ವಾನಿಕ್. ಕಾರ್ಬನ್ ಫೈಬರ್ ಪಕ್ಕ ಅಲ್ಯೂಮಿನಿಯಂ ಬಂದರೂ ಇದೇ ಕಾಟ. ನಮ್ಮೂರಲ್ಲೇ ತಯಾರಾಗುವ ತೇಜಸ್‌ನಂಥ ವಿಮಾನಗಳಲ್ಲಿ ಕಾರ್ಬನ್ ಫೈಬರ್ ಬಳಕೆ ಜಾಸ್ತಿ, ಇದನ್ನು ಗಮನವಿಟ್ಟು ಓದಿ. ಲೋಹದ ಮೇಲೆ ಎಳೆತ ಮತ್ತು ತುಕ್ಕು ಒಟ್ಟಿಗೆ ಬರುವ ಸ್ಟ್ರೆಸ್ ಕರೋಷನ್‌ನಲ್ಲಿ ಪುಡಿಯೇ ಇಲ್ಲದೆ ಬಿರುಕು ಬರಬಹುದು. ಅದಕ್ಕೆ ಎಡ್ಡಿ ಕರೆಂಟ್ (ವಿದ್ಯುತ್ ಸುಳಿಯಿಂದ ಬಿರುಕು ಹುಡುಕುವುದು), ಡೈ ಪೆನಿಟ್ರೆಂಟ್ (ಬಿರುಕಿಗೆ ಬಣ್ಣದ ದ್ರವ ಇಳಿಸಿ ನೋಡುವುದು) ಪರೀಕ್ಷೆಗಳೇ ಬೇಕು.

1988ರ ಏಪ್ರಿಲ್ 28ರ ಅಲೋಹಾ ಏರ್‌ಲೈನ್ಸ್ ಅಪಘಾತವನ್ನು ತಪ್ಪದೆ ಓದಿ. ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಬೋಯಿಂಗ್ 737. ಒಂದು ತಗಡಿನ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿದ ಲ್ಯಾಪ್ ಜಾಯಿಂಟಿನ ಅಂಟು ಬಿಟ್ಟು, ಒಳಗೆ ತೇವ ಸೇರಿ, ಭಾರವೆಲ್ಲ ರಿವೆಟ್ ತೂತುಗಳ ಮೇಲೆ ಬಿತ್ತು. ಬಿರುಕುಗಳು ಒಂದಕ್ಕೊಂದು ಕೂಡಿ, 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿಯೇ ಕಿತ್ತುಹೋಯಿತು. ಒಬ್ಬ ಗಗನಸಖಿ ತೀರಿಕೊಂಡರು. ಲ್ಯಾಪ್ ಜಾಯಿಂಟ್‌ನಲ್ಲಿ ರಿವೆಟ್‌ಗಳ ನಡುವೆ ಸ್ಕಿನ್ ದಿಂಬಿನಂತೆ ಉಬ್ಬಿದ್ದರೆ ಸುಮ್ನೆ ಬಿಡಬೇಡಿ ಅಂತ ನಾನು ಹೇಳೋದು ಇದಕ್ಕೇ.

ಪುಡಿ ಕಂಡ ತಕ್ಷಣ ಒರೆಸಬೇಡಿ. ಮೊದಲು ಫೋಟೋ ತೆಗೆದು, ಜಾಗ ಬರೆದುಕೊಂಡು, ಸೀನಿಯರ್‌ಗೆ ತೋರಿಸಿ. ತುಕ್ಕು ಪೂರ್ತಿ ತೆಗೆದ ಮೇಲೆ ಉಳಿದ ದಪ್ಪ ಎಷ್ಟು ಅಂತ ಅಳೆದು, ಸ್ಟ್ರಕ್ಚರಲ್ ರಿಪೇರ್ ಮ್ಯಾನುಯಲ್ ಮಿತಿಗೆ ಹೋಲಿಸಬೇಕು. ಉಜ್ಜಲು ಸ್ಟೀಲ್ ವುಲ್ ಮಾತ್ರ ಬೇಡವೇ ಬೇಡ. ಅದರ ಚೂರುಗಳು ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡರೆ ಅಲ್ಲಿಂದಲೇ ಹೊಸ ತುಕ್ಕು ಶುರುವಾಗುತ್ತದೆ.