ಬಂಪರ್ ಬೆಳೆ ಬಂದರೂ ಮೊರಾಕ್ಕೊ ಗೋಧಿ ತರಿಸಿಕೊಳ್ಳುವುದೇಕೆ?

ಪ್ರಶ್ನೆ: 2021ರಲ್ಲಿ ಮೊರಾಕ್ಕೊದಲ್ಲಿ ಭರ್ಜರಿ ಬೆಳೆ ಬಂದಿತ್ತೆಂದು ಓದಿದ್ದೆ. ಆದರೂ ಆ ದೇಶ ಗೋಧಿ ಆಮದು ನಿಲ್ಲಿಸಲಿಲ್ಲ. ಏಕೆ? ಆಮದು ತಗ್ಗಿಸುವ ದಾರಿ ಇದೆಯೇ?

ಉತ್ತರ: ಆ ವರ್ಷ ಅಲ್ಲಿ ಸುಮಾರು 103 ಲಕ್ಷ ಟನ್ ಧಾನ್ಯ ಬೆಳೆದದ್ದು ನಿಜ. ಆದರೆ ಆ ಲೆಕ್ಕದಲ್ಲಿ ಬ್ರೆಡ್ಡಿಗೆ ಬೇಕಾದ ಮೃದು ಗೋಧಿ ಸುಮಾರು ಅರ್ಧದಷ್ಟೇ. ಉಳಿದದ್ದು ಡ್ಯೂರಮ್ ಗೋಧಿ (ರವೆ, ಪಾಸ್ತಾಕ್ಕೆ ಬಳಸುವ ಗಟ್ಟಿ ಗೋಧಿ) ಮತ್ತು ಬಾರ್ಲಿ. ಬಾರ್ಲಿಯಲ್ಲಿ ಹೆಚ್ಚಿನ ಪಾಲು ಕುರಿ, ದನಗಳ ಹೊಟ್ಟೆಗೆ ಹೋಗುತ್ತದೆ. ಮೃದು ಗೋಧಿಯಲ್ಲೂ ಒಂದಿಷ್ಟನ್ನು ರೈತರು ಊಟಕ್ಕೆ, ಬಿತ್ತನೆಗೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಒಟ್ಟು ಇಳುವರಿಯ ಅಂಕಿಯೊಂದನ್ನೇ ನೋಡಿ ಆಮದಿನ ಅಗತ್ಯ ಅಳೆಯಬೇಡಿ. ಕಾಸಾಬ್ಲಾಂಕಾ ಬಂದರಿನ ಸುತ್ತಲಿನ ಹಿಟ್ಟಿನ ಗಿರಣಿಗಳಿಗೆ ಫ್ರಾನ್ಸ್‌ನಿಂದಲೋ ಕಪ್ಪು ಸಮುದ್ರದ ಕಡೆಯಿಂದಲೋ ಹಡಗಿನಲ್ಲಿ ಬರುವ ಗೋಧಿ ಬೇಕೇ ಬೇಕು.

ಮರುವರ್ಷವೇ ಬೆಳೆ 34 ಲಕ್ಷ ಟನ್ನಿಗೆ ಕುಸಿಯಿತು. 2023ರಲ್ಲಿ 55 ಲಕ್ಷಕ್ಕೆ ಏರಿ, 2024ರಲ್ಲಿ ಮತ್ತೆ 31 ಲಕ್ಷಕ್ಕೆ ಇಳಿಯಿತು. ಈ ಏರಿಳಿತಕ್ಕೆ ಕಾರಣ ಮಳೆ. ಅಲ್ಲಿನ ಧಾನ್ಯದ ಹೊಲಗಳಲ್ಲಿ ಬಹುಪಾಲು ಮಳೆಯಾಶ್ರಿತ. ನವೆಂಬರ್ ಹೊತ್ತಿಗೆ ಹದ ಸಿಗದಿದ್ದರೆ ಬಿತ್ತನೆ ತಡವಾಗುತ್ತದೆ, ಎಷ್ಟೋ ಹೊಲಗಳು ಬೀಳು ಬೀಳುತ್ತವೆ. ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಜೊಳ್ಳು. ವರ್ಷದ ಒಟ್ಟು ಮಳೆ ಸರಿಯಿದ್ದೂ ಬೆಳೆ ಸೋಲುವುದು ಹೀಗೆ. ಆದ್ದರಿಂದ ಏಪ್ರಿಲ್ ಕೊನೆಯ ಮಳೆಯ ಸುದ್ದಿ ಕೇಳಿ ನಾನು ಹಿಗ್ಗುವುದಿಲ್ಲ. ಸತ್ತಾತ್ ನಗರದ ಸುತ್ತಲಿನ ಶಾವಿಯಾ ಬಯಲಿನಲ್ಲಿ ಆ ಹೊತ್ತಿಗೆ ಬೆಳೆಯ ಹಣೆಬರಹ ತೀರ್ಮಾನವಾಗಿರುತ್ತದೆ.

ಸರ್ಕಾರದ ಕೈಯಲ್ಲಿರುವ ಹಿಡಿಕೆ ಆಮದು ಸುಂಕ. ಸುಗ್ಗಿಯಲ್ಲಿ ಅದನ್ನು ಏರಿಸಿ ಸ್ಥಳೀಯ ರೈತರ ಬೆಲೆ ಕಾಯುವುದು ಹಳೆಯ ರೂಢಿ. ಆದರೆ ಜಾಗತಿಕ ಬೆಲೆ ಏರಿದಾಗ, 2021ರ ನವೆಂಬರ್‌ನಿಂದ, ಗೋಧಿಯ ಮೇಲಿನ ಸುಂಕವನ್ನೇ ತಡೆಹಿಡಿಯಿತು.

ಇನ್ನು ದಾರಿಯ ಮಾತು. ನೀರಾವರಿ ಹೆಚ್ಚಿಸಿ ಎನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ದೊಡ್ಡ ಅಣೆಕಟ್ಟುಗಳಲ್ಲಿ ಒಂದಾದ ಅಲ್ ಮಸೀರಾ ಬರದ ವರ್ಷಗಳಲ್ಲಿ ಬರಿದಾಗುವಷ್ಟು ಇಳಿದು, ದುಕ್ಕಾಲಾ ಬಯಲಿನ ನೀರಾವರಿಯೇ ನಿಂತಿತ್ತು. ನನ್ನ ಭರವಸೆ ಉಳುಮೆಯಿಲ್ಲದ ನೇರ ಬಿತ್ತನೆಯ ಮೇಲೆ. 2030ರೊಳಗೆ 10 ಲಕ್ಷ ಹೆಕ್ಟೇರಿಗೆ ಅದನ್ನು ಹಬ್ಬಿಸುವ ಗುರಿ ಮೊರಾಕ್ಕೊಗಿದೆ. ಮಣ್ಣು ಮಗುಚದೆ, ಕೊಯ್ಲಿನ ಬಳಿಕ ಹೊಲದಲ್ಲಿ ಉಳಿಯುವ ಕೂಳೆ ಹಾಗೇ ಬಿಟ್ಟರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಕಷ್ಟವಿರುವುದು ಆ ಕೂಳೆಯಲ್ಲೇ: ಬೇಸಿಗೆಯಲ್ಲಿ ಅದೇ ಕುರಿಗಳ ಮೇವು. ಬರದ ವರ್ಷ ಸಣ್ಣ ರೈತನನ್ನು ಉಳಿಸುವ ಕುರಿಗಳನ್ನು ಹೊಲದಿಂದ ಹೊರಗಿಡಿ ಎನ್ನುವ ಮೊದಲು, ಅವಕ್ಕೆ ಬೇರೆ ಮೇವು ಒದಗಿಸಬೇಕು.