ತಾಮ್ರದ ಬಣ್ಣಕ್ಕೆ ಬೆಂಗಳೂರಿಗೆ ಹೋಗುವ ಮೊದಲು ಮೆಹಂದಿ ಪೊಟ್ಟಣ ಹುಡುಕಿ

ಮುಂದಿನ ತಿಂಗಳು ಅಕ್ಕನ ಮದುವೆ, ಫ್ಯಾಷನ್ ವೀಕ್ ರ‍್ಯಾಂಪ್ ಮೇಲೆ ನೋಡಿದ ತಾಮ್ರದ ಬಣ್ಣದ ಕೂದಲು ಬೇಕು, ಶಿವಮೊಗ್ಗದಲ್ಲೇ ಮಾಡಿಸಲಾ, ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಹುಬ್ಬಿನ ಬ್ಲೀಚ್ ಬಗ್ಗೆಯೂ ಒಂದು ಸಾಲು. ಓದಿ ನಗು ಬಂತು, ಹೊಟ್ಟೆಯೊಳಗೆ ಸಂಕಟವೂ ಆಯಿತು. 2022ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ತಿರುಗುತ್ತಿದ್ದೆ. ಬೆಂಗಳೂರು ಅಂತ ತೀರ್ಮಾನ ಮಾಡಿದೆ.

ಆ ವರ್ಷ ಫೆಬ್ರವರಿಯಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಅನ್ನುವ ಫ್ಯಾಷನ್ ಕಂಪನಿಯ ಶೋ ಇತ್ತು. ಅಮೆರಿಕದ ಮಾಡೆಲ್ ಕೆಂಡಲ್ ಜೆನ್ನರ್ ಅಲ್ಲಿ ತಾಮ್ರದ ಬಣ್ಣದ ತಲೆಯಲ್ಲಿ ನಡೆದುಕೊಂಡು ಬಂದಳು. ಅದಕ್ಕೂ ಮೊದಲು ಅವಳ ಕೂದಲು ಹೆಚ್ಚುಕಡಿಮೆ ನಮ್ಮ ಹಾಗೇ ಗಾಢ ಬಣ್ಣದ್ದು. ನನಗೆ ಮರುಳು ಹಿಡಿಸಿದ್ದು ಅದೇ. ಬೆಳ್ಳಗಿನ, ಚಿನ್ನದ ಕೂದಲಿನ ಹುಡುಗಿ ಆಗಿದ್ದರೆ ಸುಮ್ನೆ ನೋಡಿ ಬಿಡುತ್ತಿದ್ದೆ. ಇವಳಿಗೆ ಆಗುತ್ತದೆ ಅಂದರೆ ನನಗ್ಯಾಕೆ ಆಗಬಾರದು ಅನ್ನಿಸಿತು. ನಾನು ಆಗ ವಿನೋಬನಗರದಲ್ಲಿ ರೂಮು ಮಾಡಿಕೊಂಡಿದ್ದೆ, ಮನೆ ತೀರ್ಥಹಳ್ಳಿ ಕಡೆ. ಮೇ ತಿಂಗಳಲ್ಲಿ ಅಣ್ಣನ ಮದುವೆ. ಸೊಂಟದ ತನಕ ಕೂದಲು. ಊರಲ್ಲಿ ಎಲ್ಲರೂ ಹೊಗಳುತ್ತಿದ್ದ ಕೂದಲು ಅಂತಲೂ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ.

ವಿಡಿಯೋ ನೋಡಿ ನೋಡಿ ಒಂದಿಷ್ಟು ಕಲಿತಿದ್ದೆ. ಕಪ್ಪು ಕೂದಲನ್ನು ಬ್ಲೀಚ್ ಮಾಡಿದರೆ ಒಂದೇ ಸಲ ಬಿಳಿಯಾಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ತಾಮ್ರ ಬೇಕಾದರೆ ಕಿತ್ತಳೆಗೆ ನಿಲ್ಲಿಸಿ ಅದರ ಮೇಲೆ ಬಣ್ಣ ಹಾಕಿದರೆ ಸಾಕು. ಅರ್ಧ ದಾರಿ ಅಷ್ಟೇ, ಕೂದಲಿಗೆ ಪೆಟ್ಟೂ ಕಮ್ಮಿ. ಈ ಲೆಕ್ಕ ಈಗಲೂ ಸರಿಯೇ. ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಬೇರೆ.

ಬೆಳಗಿನ ಜನಶತಾಬ್ದಿ ಹತ್ತಿ ಹೋದೆ. ಬೆಂಗಳೂರಿನ ಪಾರ್ಲರಿನಲ್ಲಿ ದೊಡ್ಡ ಕನ್ನಡಿ, ಎಸಿ, ಕೈಗೊಂದು ಗ್ರೀನ್ ಟೀ. ಕುರ್ಚಿಯಲ್ಲಿ ಕೂರಿಸಿ ಹುಡುಗ ಕೇಳಿದ, "ಮುಂಚೆ ಕಲರ್ ಮಾಡಿಸಿದ್ದೀರಾ ಮೇಡಂ?" ನಾನು "ಇಲ್ಲ" ಅಂದೆ.

ನನ್ನ ಕಥೆ ಕೆಟ್ಟಿದ್ದು ಈ "ಇಲ್ಲ"ದಲ್ಲಿ. ಅದಕ್ಕೆ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾದರೂ ಓದಿ. ನಾನು ಸುಳ್ಳು ಹೇಳಿದ್ದಲ್ಲ. ಪಾರ್ಲರಿಗೆ ಹೋಗಿ ಕಲರ್ ಮಾಡಿಸಿರಲೇ ಇಲ್ಲ. ಆದರೆ ಹೈಸ್ಕೂಲಿನಿಂದ ತಲೆಗೆ ಮೆಹಂದಿ ಹಚ್ಚಿಕೊಂಡು ಬಂದಿದ್ದೆ. ಅಮ್ಮನಿಗೆ ಬೇಗ ಕೂದಲು ನೆರೆತಿತ್ತು. ತನಗೆ ಅಂತ ಅಂಗಡಿಯಿಂದ ಕಪ್ಪು ಮೆಹಂದಿ ಪೊಟ್ಟಣ ತರಿಸುತ್ತಿದ್ದಳು. ರಾತ್ರಿ ಚಹಾ ಡಿಕಾಕ್ಷನ್ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಕಲಸಿಡುವುದು, ಬೆಳಿಗ್ಗೆ ಅವಳು ಹಚ್ಚಿಕೊಂಡು ಉಳಿದದ್ದು ನನ್ನ ತಲೆಗೆ. "ತಂಪು ಕಣೇ" ಅನ್ನುತ್ತಿದ್ದಳು. ಅದು ಎಣ್ಣೆ ಸ್ನಾನದ ಸಾಲಿಗೆ ಸೇರಿದ ವಿಷಯ. ಅದನ್ನು ಯಾರಾದರೂ ಕಲರ್ ಅಂತ ಲೆಕ್ಕ ಹಿಡಿಯುತ್ತಾರಾ?

ಬ್ಲೀಚ್ ಹಿಡಿಯುತ್ತದೆ. ಮೆಹಂದಿ ಎಲೆಯಲ್ಲಿ ಇರುವುದು ಲಾಸೋನ್ ಅನ್ನುವ ಬಣ್ಣ, ಕೆಂಪು ಮಿಶ್ರಿತ ಕಿತ್ತಳೆ. ಅದು ಕೂದಲಿನ ಕೆರಾಟಿನ್ ಅನ್ನುವ ಪ್ರೋಟೀನ್‌ಗೆ ಅಂಟಿ ಕೂರುತ್ತದೆ, ಶಾಂಪೂ ಹಾಕಿದರೆ ಹೋಗುವುದಿಲ್ಲ. ಬರೀ ಎಲೆಯ ಪುಡಿಯಿಂದ ಕಪ್ಪು ಬಣ್ಣ ಬರುವುದೇ ಇಲ್ಲ. ಪೊಟ್ಟಣದ ಮೇಲೆ "ಬ್ಲ್ಯಾಕ್" ಅಂತ ಇದ್ದರೆ ಒಳಗೆ ಇನ್ನೇನೋ ಸೇರಿದೆ ಅಂತಲೇ ಅರ್ಥ. ಅದು ನೀಲಿ ಗಿಡದ ಸೊಪ್ಪಿನ ಪುಡಿ ಇರಬಹುದು, ಪಿಪಿಡಿ ಅನ್ನುವ ರಾಸಾಯನಿಕ ಇರಬಹುದು. ಕೆಲವದರಲ್ಲಿ ಲೋಹದ ಲವಣಗಳೂ ಇರುತ್ತವೆ. ನೀಲಿ ಪುಡಿ ಹಚ್ಚಿದ ಕೂದಲಿಗೆ ಬ್ಲೀಚ್ ಹಾಕಿದರೆ ಹಸಿರು ಮೇಲೆ ಬರಬಹುದು. ಲೋಹದ ಲವಣ ಇದ್ದರೆ ಇನ್ನೂ ಕಷ್ಟ. ಬ್ಲೀಚ್ ಕಲಸುವುದು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ. ಲೋಹ ಸಿಕ್ಕಿದ ಕೂಡಲೇ ಪೆರಾಕ್ಸೈಡ್ ಸರಸರ ಒಡೆಯುತ್ತದೆ, ಶಾಖ ಹುಟ್ಟುತ್ತದೆ. ನಿಧಾನಕ್ಕೆ ಆಗಬೇಕಾದ ಕೆಲಸ ಕೂದಲಿನ ಒಳಗೇ ಒಮ್ಮೆಲೇ ಆಗಿಬಿಡುತ್ತದೆ.

ಫಾಯಿಲ್ ಸುತ್ತಿ ಕೂರಿಸಿದ್ದರು. ಕಿವಿಯ ಹತ್ತಿರ ಬಿಸಿ ಅನ್ನಿಸಿತು. ಬ್ಲೀಚ್ ಅಂದರೆ ಹೀಗೇ ಇರಬೇಕು ಅಂತ ಬಾಯಿ ಮುಚ್ಚಿಕೊಂಡು ಕೂತೆ. ಆಮೇಲೆ ತಡೆಯಲಾರದೆ ಕರೆದೆ. ಹುಡುಗ ಫಾಯಿಲ್ ಮುಟ್ಟಿ ನೋಡಿದವನೇ ಓಡಿಸಿಕೊಂಡು ಹೋಗಿ ನೀರು ಬಿಟ್ಟ. ತೊಳೆಯುವಾಗ ಎರಡೂ ಕಿವಿಯ ಮೇಲಿನ ಕೂದಲು ಹಲಸಿನ ಮೇಣದ ಹಾಗೆ ಎಳೆಎಳೆಯಾಗಿ ಜಗ್ಗಿ ಅವನ ಕೈಗೇ ಬಂತು. ಉಳಿದದ್ದು ಬುಡದಲ್ಲಿ ಕಿತ್ತಳೆ, ನಡುವೆ ಪಾಚಿ ಹಸಿರು, ತುದಿಯಲ್ಲಿ ಕಪ್ಪು. ಅವರೂ ಒಂದು ಪ್ರಶ್ನೆ ಕೇಳಿ ಕೈ ತೊಳೆದುಕೊಂಡರು, ನಾಲ್ಕು ಎಳೆ ಕತ್ತರಿಸಿ ಪರೀಕ್ಷೆ ಮಾಡಲಿಲ್ಲ. ಜಗಳ ಆಡಿ ಅರ್ಧ ದುಡ್ಡು ವಾಪಸ್ ತಗೊಂಡೆ. ದುಡ್ಡು ತಗೊಂಡು ತಲೆಗೆ ಹಚ್ಚಿಕೊಳ್ಳಲಾ?

ಮನೆಗೆ ಹೋದಾಗ ಅಮ್ಮ ಮೊದಲು ಹೇಳಿದ್ದು, "ಎಂತದೇ ಇದು ಮಾರಾಯ್ತಿ, ಬೆಂಗಳೂರಲ್ಲಿ ಬೆಂಕಿ ಬಿದ್ದಿತ್ತಾ?" ದೊಡ್ಡಮ್ಮ ಏನೂ ಮಾತಾಡದೆ ತನ್ನ ಹಳೇ ಚೌರಿ ತಂದು ಮುಂದಿಟ್ಟಳು. ಚೌರಿ ನಿಲ್ಲಬೇಕಾದರೂ ಕೆಳಗೆ ಗಟ್ಟಿ ಕೂದಲು ಬೇಕಲ್ವಾ?

ಕಡೆಗೆ ಶಿವಮೊಗ್ಗಕ್ಕೆ ವಾಪಸ್ ಬಂದು ನಮ್ಮ ರಸ್ತೆಯ ಕೊನೆಯ ಸಣ್ಣ ಪಾರ್ಲರಿಗೆ ಹೋದೆ. ಒಂದು ಕುರ್ಚಿ, ಒಂದು ಫ್ಯಾನ್, ಗೋಡೆಯಲ್ಲಿ ಹಳೇ ಕ್ಯಾಲೆಂಡರ್. ಇಷ್ಟು ವರ್ಷ ಹುಬ್ಬು ಮಾಡಿಸುವುದಕ್ಕೆ ಮಾತ್ರ ಹೋಗುತ್ತಿದ್ದ ಜಾಗ. ಆ ಅಕ್ಕ ಕೂದಲು ಮುಟ್ಟಿದ ಕೂಡಲೇ ಕೇಳಿದ್ದು, "ಮೆಹಂದಿ ಯಾವುದು ಹಚ್ತಿದ್ರಿ? ಕೆಂಪಾ, ಕಪ್ಪಾ? ಊರಲ್ಲಿ ತಲೆಗೆ ಯಾವ ನೀರು, ಬೋರಿನದಾ?" ಬೋರ್ ನೀರಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಅದೂ ಕೂದಲಿಗೆ ಹಿಡಿದುಕೊಳ್ಳುತ್ತದಂತೆ. ನಮ್ಮ ಮನೆಯ ಬಕೆಟಿನಲ್ಲಿ ಕೆಂಪು ಗೆರೆ ಇರುವುದು ನೆನಪಾಯಿತು. ಬೆಂಗಳೂರಿಗೆ ಹೊರಡುವ ಮೊದಲು ಇವರ ಹತ್ತಿರ ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರೇ ಕಿವಿಯ ಕೆಳಗಿನ ತನಕ ಕತ್ತರಿಸಿ ಬಾಬ್ ಮಾಡಿದರು. ಅಣ್ಣನ ಮದುವೆಗೆ ಹಿಂದುಗಡೆ ಪೂರ್ತಿ ಮಲ್ಲಿಗೆ ಮುಚ್ಚಿಕೊಂಡು ನಿಂತೆ. ಬಂದವರೆಲ್ಲ "ಹರಕೆ ಇತ್ತಾ?" ಅಂತ ಕೇಳಿದರು. ಹೌದು ಅಂದೆ.

ಆದ್ದರಿಂದ ಶಿವಮೊಗ್ಗವೋ ಬೆಂಗಳೂರೋ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಅದು ಪ್ರಶ್ನೆಯೇ ಅಲ್ಲ. ನಿಮ್ಮ ಕೂದಲಲ್ಲಿ ಈಗಾಗಲೇ ಏನಿದೆ? ಅದನ್ನು ಹೇಳಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದ ತನಕ ಇದ್ದರೆ ತುದಿಗೆ ಐದಾರು ವರ್ಷ ವಯಸ್ಸು. ಪಿಯುಸಿಯಲ್ಲಿ ಹಚ್ಚಿ ಮರೆತ ಪೊಟ್ಟಣ ಇವತ್ತೂ ನಿಮ್ಮ ಜಡೆಯ ತುದಿಯಲ್ಲೇ ಕೂತಿರುತ್ತದೆ. "ಮೆಹಂದಿ ಬಿಟ್ಟು ಒಂದು ವರ್ಷ ಆಯ್ತು" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಒಂದು ವರ್ಷದ್ದು ಅಂದರೆ ಬುಡದ ಒಂದು ಗೇಣಿಗಿಂತಲೂ ಕಮ್ಮಿ.

ಇನ್ನು ರ‍್ಯಾಂಪಿನ ವಿಷಯ. ಒಂದು ಶೋ ನಡೆಯುವುದು ಹತ್ತು ಹದಿನೈದು ನಿಮಿಷ. ಆ ತಲೆ ಅಷ್ಟು ಹೊತ್ತಿಗೆ ಅಂತಲೇ ತಯಾರಾಗುವುದು. ವಿಗ್ ಇರುತ್ತದೆ, ಸೇರಿಸಿದ ಕೂದಲಿರುತ್ತದೆ, ತೆರೆಯ ಹಿಂದೆ ಸ್ಪ್ರೇ ಹಿಡಿದವರ ದೊಡ್ಡ ತಂಡವೇ ಇರುತ್ತದೆ. ಕೆಂಡಲ್ ಕಥೆಯನ್ನೇ ನೋಡಿ. ಫೆಬ್ರವರಿಯಲ್ಲಿ ತಾಮ್ರ, ಮೇ ಮೊದಲ ವಾರ ನ್ಯೂಯಾರ್ಕಿನ ಮೆಟ್ ಗಾಲಾ ಅನ್ನುವ ಫ್ಯಾಷನ್ ಸಮಾರಂಭಕ್ಕೆ ಬರುವಾಗ ಮತ್ತೆ ಕಪ್ಪು. ಅವಳಿಗೆ ಅದು ಕೆಲಸ. ಬಣ್ಣಗಳಲ್ಲಿ ಕೆಂಪಿನ ಜಾತಿಯದ್ದೇ ಬೇಗ ತೊಳೆದುಹೋಗುವುದು, ಬುಡದಲ್ಲಿ ಕಪ್ಪು ಕಾಣಿಸಿಕೊಂಡ ಕೂಡಲೇ ಮತ್ತೆ ಹಚ್ಚಬೇಕು. ನೀವು ಪ್ರತಿ ಸಲ ರೈಲು ಹತ್ತುತ್ತೀರಾ?

ಮಾಡೆಲ್‌ಗಳಿಗೂ ಇದು ಪುಕ್ಕಟೆ ಅಲ್ಲ. 1988ರಲ್ಲಿ ಛಾಯಾಗ್ರಾಹಕ ಪೀಟರ್ ಲಿಂಡ್‌ಬರ್ಗ್ ಮಾತು ಕೇಳಿ ಲಿಂಡಾ ಇವಾಂಜೆಲಿಸ್ಟಾ ಉದ್ದ ಕೂದಲನ್ನು ಹುಡುಗರ ಕ್ರಾಪ್ ಥರ ಕತ್ತರಿಸಿಕೊಂಡಳು. ಕೂಡಲೇ ಎಷ್ಟೋ ಶೋಗಳಿಂದ ಅವಳನ್ನು ಕೈಬಿಟ್ಟರು. ಆಮೇಲೆ ಅದೇ ಕ್ರಾಪ್ ಅವಳನ್ನು ಎಲ್ಲಿಗೋ ಒಯ್ದಿತು, ಆ ಮಾತು ಬೇರೆ. ಬಾಬ್ ಮಾಡಿಸಿಕೊಂಡು ಕೂತಿದ್ದಾಗ ನಾನು ಓದಿ ಸಮಾಧಾನ ಮಾಡಿಕೊಂಡ ಕಥೆ ಇದು. ನನಗೆ ಯಾರೂ ಫೋನ್ ಮಾಡಲಿಲ್ಲ.

ಹವೆಯನ್ನೂ ಮರೆಯಬೇಡಿ. ಫೆಬ್ರವರಿಯ ಮಿಲಾನ್ ಚಳಿಗಾಲದ್ದು, ನಮ್ಮದು ಮಲೆನಾಡು. ಕೂದಲನ್ನು ಐರನ್ ಮಾಡಿದಾಗ ನೇರ ನಿಲ್ಲುವುದು ಹೈಡ್ರೋಜನ್ ಬಂಧಗಳ ಬಲದಲ್ಲಿ. ತೇವ ತಾಗಿದರೆ ಆ ಬಂಧ ಬಿಟ್ಟುಕೊಳ್ಳುತ್ತದೆ, ಕೂದಲು ತನ್ನ ಹಳೇ ಆಕಾರಕ್ಕೆ ಹೋಗುತ್ತದೆ. ಬ್ಲೀಚ್ ಆದ ಕೂದಲು ಇನ್ನೂ ಜಾಸ್ತಿ ನೀರು ಹೀರುತ್ತದೆ. ಮದುವೆ ದಿನ ಒಂದು ಮಳೆ ಹನಿಸಿದರೆ ಸಾಕು, ಧಾರೆ ಹೊತ್ತಿಗೆ ತಲೆ ಪೊದೆ. ತಮಾಷೆ ಅಂದರೆ 2023ರ ಮಾರ್ಚಿನಲ್ಲಿ ಪ್ಯಾರಿಸಿನಲ್ಲಿ ಮಿಯು ಮಿಯು ಅನ್ನುವ ಫ್ಯಾಷನ್ ಕಂಪನಿಯ ಶೋನಲ್ಲಿ ಗಿಡೋ ಪಲಾವ್ ಎಂಬ ಕೇಶ ವಿನ್ಯಾಸಗಾರ ಬೇಕಂತಲೇ ಮಾಡೆಲ್‌ಗಳ ಕೂದಲು ಎದ್ದು ಹಾರಾಡುವ ಹಾಗೆ ಕೆದರಿಸಿ ಕಳಿಸಿದ್ದ. ಜುಲೈಯಲ್ಲಿ ಆಗುಂಬೆ ಬಸ್ಸಿನಿಂದ ಇಳಿದವರೆಲ್ಲ ಅದೇ ಸ್ಟೈಲಲ್ಲಿ ಇರುತ್ತಾರೆ.

ನಾನಾಗಿದ್ದರೆ ಈ ಮದುವೆಗೆ ತಲೆಗೆ ಬ್ಲೀಚ್ ತಾಗಿಸುತ್ತಿರಲಿಲ್ಲ. ತಾಮ್ರವೇ ಬೇಕು ಅಂದರೆ ಕ್ಲಿಪ್ ಹಾಕುವ ಕೂದಲಿನ ಎಳೆಗಳು ಸಿಗುತ್ತವೆ, ನಾಲ್ಕು ಎಳೆ ಜಡೆಯಲ್ಲಿ ಸೇರಿಸಿ ಹೆಣೆಯಿರಿ. ಫೋಟೋದಲ್ಲಿ ಚೆನ್ನಾಗಿ ಬೀಳುತ್ತದೆ, ರಾತ್ರಿ ತೆಗೆದಿಟ್ಟರೆ ಆಯಿತು. ಸಿಂಥೆಟಿಕ್ ಆದರೆ ಹೋಮದ ಬೆಂಕಿ ಹತ್ತಿರ ಬಗ್ಗಬೇಡಿ. ಅದೂ ಬೇಡ ಅಂದರೆ ರಿಬ್ಬನ್. ಲಂಡನ್ನಿನಲ್ಲಿ ಸಿಮೋನ್ ರೋಷಾ, ನ್ಯೂಯಾರ್ಕಿನಲ್ಲಿ ಸ್ಯಾಂಡಿ ಲಿಯಾಂಗ್ ಅನ್ನುವ ಡಿಸೈನರ್‌ಗಳು ರಿಬ್ಬನ್ ಬೋ ಕಟ್ಟಿ ಕಟ್ಟಿಯೇ ಹೆಸರು ಮಾಡಿದ್ದಾರೆ. ಸ್ಕೂಲಿನಲ್ಲಿ ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿದ ಕೈಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ರೇಷ್ಮೆ ಸೀರೆಗೆ ಹೊಂದುವ ಅಗಲ ಪಟ್ಟಿಯನ್ನು ನಮ್ಮ ಶಿವಮೊಗ್ಗದ ಗಾಂಧಿ ಬಜಾರಲ್ಲೇ ಹುಡುಕಿ. ಒದ್ದೆ ಒದ್ದೆಯಾಗಿ ಹಿಂದಕ್ಕೆ ಬಾಚಿದ ತುರುಬು ಇಷ್ಟವಾದರೆ ಜೆಲ್ ಹಾಕಿ, ಕೊಬ್ಬರಿ ಎಣ್ಣೆ ಬೇಡ. ಸೆಕೆಗೆ ಇಳಿದು ರವಿಕೆ ಕಾಲರಿನ ತನಕ ಬರುತ್ತದೆ.

ಇಷ್ಟೆಲ್ಲ ಕೇಳಿಯೂ ಬಣ್ಣ ಮಾಡಿಸಿಯೇ ತೀರುತ್ತೇನೆ ಅಂತಿದ್ದರೆ ಮದುವೆ ಮುಗಿದ ಮೇಲೆ ಮಾಡಿಸಿ. ಹಚ್ಚಿದ್ದೆಲ್ಲ ಹೇಳಿ, ಗೋರಂಟಿ, ನೀಲಿ ಪುಡಿ, ಪೊಟ್ಟಣ, ಸ್ಟ್ರೈಟನಿಂಗ್, ನೀರು ಎಲ್ಲವನ್ನೂ. ತುದಿಯ ಕಡೆಯಿಂದ ನಾಲ್ಕು ಎಳೆ ಕತ್ತರಿಸಿ ಅದೇ ಬ್ಲೀಚಿನಲ್ಲಿ ಹಾಕಿ ನೋಡಿ ಅಂತ ಹಠ ಹಿಡಿಯಿರಿ. ಬಿಸಿಯಾದರೆ, ಹಸಿರಾದರೆ, ಜಗ್ಗಿದರೆ ಎದ್ದು ಬನ್ನಿ. ಬಣ್ಣದ ಅಲರ್ಜಿ ಪರೀಕ್ಷೆ ಬೇರೆಯೇ, ಎರಡು ದಿನ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಬೇಕು. "ಅದೆಲ್ಲ ಬೇಡ ಮೇಡಂ, ನಾವು ದಿನಾ ಮಾಡ್ತೀವಿ" ಅಂದ ಪಾರ್ಲರ್ ಯಾವ ಊರಿನದ್ದಾದರೂ ಬಿಟ್ಟುಬಿಡಿ.

ಹುಬ್ಬಿನ ಬ್ಲೀಚಾ? ಬೇಡ. ಕಣ್ಣಿಗೆ ಅಷ್ಟು ಹತ್ತಿರ ಪೆರಾಕ್ಸೈಡ್ ಯಾಕೆ? ಮೆಟ್ ಗಾಲಾದಲ್ಲಿ ಕೆಂಡಲ್ ಹುಬ್ಬೂ ಬ್ಲೀಚ್ ಆಗಿತ್ತು ಅಂತ ನೀವು ವಾದ ಮಾಡಬಹುದು. ನಿಮ್ಮ ಅಕ್ಕನ ಅತ್ತೆಮನೆಯವರು ಅಲ್ಲಿಗೆ ಹೋಗಿರಲಿಲ್ಲ.

ಅಮ್ಮನ ಹತ್ತಿರ ಇನ್ನೂ ಪೊಟ್ಟಣ ಇದ್ದರೆ ಅದರ ಹಿಂದಿನ ಸಣ್ಣ ಅಕ್ಷರದ ಫೋಟೋ ಹಾಕಿ, ಏನೇನು ಸೇರಿಸಿದ್ದಾರೆ ನೋಡೋಣ.